ಐಟಿಐ, ಜಿಟಿಟಿಸಿ, ಡಿಪ್ಲೊಮಾ: ಮಗಳನ್ನು ಎಲ್ಲಿಗೆ ಸೇರಿಸಲಿ? ಮತ್ತೆ, ಆ ಸಿಎನ್‌ಸಿ ಯಾಕೆ ಓಡುತ್ತಿಲ್ಲ?

ಪೀಣ್ಯ_ಟರ್ನರ್

ನಮಸ್ಕಾರ ಎಲ್ಲರಿಗೂ. ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಎರಡು ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ), ಒಂದು ವಿಎಂಸಿ (ಅದೇ ಥರದ ಮಿಲ್ಲಿಂಗ್ ಯಂತ್ರ), ಅಪ್ಪನ ಕಾಲದ ಒಂದು ಮಾಮೂಲಿ ಲೇತ್. ಕೆಲಸಕ್ಕೆ ಏಳು ಜನ. ಮಗಳು ಈ ಸಲ ಎಸ್‌ಎಸ್‌ಎಲ್‌ಸಿ ಮುಗಿಸಿದಳು, ಶೇ 78 ಬಂದಿದೆ. ಮನೆಯಲ್ಲಿ ಎಲ್ಲರೂ ಪಿಯುಸಿ ಸೈನ್ಸ್ ಅಂತಿದ್ದಾರೆ. ಅವಳಿಗೆ ಯಂತ್ರ ಬೇಕಂತೆ.

ಮಕ್ಕಳಾಟ ಅಂತ ನಾನೂ ಅಂದುಕೊಂಡಿದ್ದೆ. ಏಪ್ರಿಲ್ ರಜೆಯಲ್ಲಿ ದಿನಾ ಶೆಡ್‌ಗೆ ಬರುತ್ತಿದ್ದಳು. ಒಂದು ದಿನ 25 ಎಂಎಂ ಶಾಫ್ಟ್ ಓಡುತ್ತಿತ್ತು. 24.98ರಿಂದ 25.00 ಒಳಗೆ ಬರಬೇಕು. ಆಪರೇಟರ್ ಯಂತ್ರದಿಂದ ತೆಗೆದ ಕೂಡಲೇ ಅಳೆದು, 24.985 ಅಂತ ಬರೆದು ಟ್ರೇಗೆ ಹಾಕುತ್ತಿದ್ದ. ಇವಳು ಟೀ ಆದ ಮೇಲೆ ಅದೇ ಪೀಸ್ ಎತ್ತಿಕೊಂಡಳು. ಮೈಕ್ರೋಮೀಟರ್ ಹಿಡಿದು ರ‍್ಯಾಚೆಟ್ ಮೂರು ಸಲ ಟಿಕ್ ಅನ್ನಿಸಿ, "ಅಪ್ಪಾ, 24.977 ತೋರಿಸ್ತಿದೆ" ಅಂದಳು. ಬಿಸಿ ಇದ್ದ ಶಾಫ್ಟ್ ತಣ್ಣಗಾಗಿ ಎಂಟು ಮೈಕ್ರಾನ್ ಕುಗ್ಗಿತ್ತು. ಆ ಟ್ರೇಯಲ್ಲಿ ಹದಿನಾಲ್ಕು ಪೀಸ್ ರಿಜೆಕ್ಟ್. ಗಿರಾಕಿ ಹತ್ತಿರ ಹೋಗಿದ್ದರೆ ನನ್ನ ಮಾನ ಹೋಗುತ್ತಿತ್ತು.

ಹಾಗಾಗಿ ಕಳೆದ ವಾರ ಅವಳ ಅಜ್ಜಿ ಊರಿನ ಹತ್ತಿರದ ಒಂದು ಸರ್ಕಾರಿ ಐಟಿಐ ನೋಡಿಕೊಂಡು ಬಂದೆವು. ಯಾವುದು ಅಂತ ಹೇಳಲ್ಲ. ಅಲ್ಲಿನವರು ಒಳ್ಳೆಯವರು, ಕೂರಿಸಿ ಟೀ ಕೊಟ್ಟರು. ಹೊಸ ಶೆಡ್ ಕಟ್ಟಿದ್ದಾರೆ, ನೆಲ ಕನ್ನಡಿ ಹಾಗಿದೆ. ಒಳಗೆ ಸಿಎನ್‌ಸಿ, ರೋಬೋಟ್ ಕೈ, ಕಂಪ್ಯೂಟರ್ ಸಾಲು. ನನ್ನ ಶೆಡ್‌ಗಿಂತ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಸಿಎನ್‌ಸಿ ಮೇಲೆ ಪ್ಲಾಸ್ಟಿಕ್ ಹೊದಿಸಿತ್ತು. ಬಾಗಿಲ ಹಿಡಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ಒಣಗಿ ಕಂದಾಗಿತ್ತು. ಅದು ಆಯುಧಪೂಜೆಯ ಹಾರ. ನಾವು ಹೋಗಿದ್ದು ಜೂನ್‌ನಲ್ಲಿ.

ಆನ್ ಮಾಡಿಸಿ ಸ್ಕ್ರೀನ್ ನೋಡಿದೆ, ಅಭ್ಯಾಸಬಲ. ಯಂತ್ರ ಬಂದು ಮೂರು ವರ್ಷ. ಪವರ್ ಆನ್ ಆಗಿದ್ದು 212 ಗಂಟೆ. ಕಟಿಂಗ್ ಟೈಮ್, ಅಂದರೆ ನಿಜವಾಗಿ ಲೋಹ ಕೊಯ್ದದ್ದು, 37 ಗಂಟೆ. ವರ್ಷಕ್ಕೆ 20 ಮಕ್ಕಳ ಒಂದು ಬ್ಯಾಚ್, ಮೂರು ಬ್ಯಾಚ್ ಅಂದರೆ 60 ಮಕ್ಕಳು. ತಲೆಗೆ 37 ನಿಮಿಷ ಬಂತು. ಅದೂ ಡೆಮೋ ಎಲ್ಲಾ ಸೇರಿ.

ಇಷ್ಟು ದುಡ್ಡು ಹಾಕಿದ ಮೇಲೂ ಹೀಗೆ ಯಾಕೆ? ಮತ್ತೆ ನನ್ನ ಮಗಳನ್ನು ಎಲ್ಲಿಗೆ ಹಾಕಲಿ? ಗೊತ್ತಿದ್ದವರು ಬಿಡಿಸಿ ಹೇಳಿ.

ಗಣಿತ_ಮೇಷ್ಟ್ರು

ಶೇ 78 ಬಂದವಳನ್ನು ಐಟಿಐಗೆ ಹಾಕ್ತೀರಾ? ಸುಮ್ನೆ ಪಿಯುಸಿ ಮಾಡಿಸಿ ಸ್ವಾಮಿ. ಆಮೇಲೆ ಸಿಇಟಿ ಬರೆದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮಾಡಲಿ.

ಪೀಣ್ಯ_ಟರ್ನರ್

ಮೇಷ್ಟ್ರೇ, ಮೆಕ್ಯಾನಿಕಲ್ ಬಿಇ ಮುಗಿಸಿದ ಇಬ್ಬರು ಹುಡುಗರು ಹೋದ ವರ್ಷ ನನ್ನ ಹತ್ತಿರ ಕೆಲಸ ಕೇಳಿಕೊಂಡು ಬಂದಿದ್ದರು. ಒಬ್ಬನಿಗೆ ವರ್ನಿಯರ್ ಓದಲು ಬರಲಿಲ್ಲ. ಅವನ ತಪ್ಪಲ್ಲ ಬಿಡಿ.

ಅತಿಥಿ_ಬೋಧಕ

ಆ ಒಣಗಿದ ಹಾರದ ಬಗ್ಗೆ ನಾನು ಹೇಳುತ್ತೇನೆ. ನಾನು ಬೇರೆ ಜಿಲ್ಲೆಯ ಸರ್ಕಾರಿ ಐಟಿಐ ಒಂದರಲ್ಲಿ ಆರು ವರ್ಷದಿಂದ ಅತಿಥಿ ಬೋಧಕ. ಟರ್ನರ್ ಟ್ರೇಡ್. ನಮ್ಮಲ್ಲೂ ಅಂಥದ್ದೇ ಶೆಡ್ ಇದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ: ಕರ್ನಾಟಕದಲ್ಲಿ ಸರ್ಕಾರಿ ಐಟಿಐಗಳು ಸುಮಾರು 270. ಅದರಲ್ಲಿ 150ನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದರು. ಯೋಜನೆಯ ಗಾತ್ರ 4,600 ಕೋಟಿ ರೂಪಾಯಿಗೂ ಜಾಸ್ತಿ. ಕಂಪನಿ ಮತ್ತು ಅದರ ಜೊತೆಗಾರರದ್ದು ಸುಮಾರು ಶೇ 88, ರಾಜ್ಯದ್ದು ಶೇ 12. 2022ರ ಜೂನ್ 20ರಂದು ಪ್ರಧಾನಿ ಬೆಂಗಳೂರಿಗೆ ಬಂದಾಗ ಇವನ್ನೇ ಟೆಕ್ನಾಲಜಿ ಹಬ್ ಅಂತ ಲೋಕಾರ್ಪಣೆ ಮಾಡಿದ್ದು. ಹಳೇ ಫಿಟ್ಟರ್, ಎಲೆಕ್ಟ್ರಿಷಿಯನ್ ಜೊತೆಗೆ ಅಡ್ವಾನ್ಸ್ಡ್ ಸಿಎನ್‌ಸಿ ಮಷಿನಿಂಗ್, ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್, ಇಂಡಸ್ಟ್ರಿಯಲ್ ರೋಬೋಟಿಕ್ಸ್ ಥರದ ಹೊಸ ಟ್ರೇಡ್‌ಗಳು ಬಂದವು.

ಯಂತ್ರ ಬಂದದ್ದು ನಿಜ, ಒಳ್ಳೆಯದೇ ಬಂತು. ಆದರೆ ಸಿಎನ್‌ಸಿ ಒಂದು ಹಸು ಇದ್ದ ಹಾಗೆ. ದಾನ ಕೊಟ್ಟವರು ಹಸು ಕೊಟ್ಟು ಹೋದರು. ಹಿಂಡಿ ಯಾರು ಹಾಕಬೇಕು? ಕಾರ್ಬೈಡ್ ಇನ್ಸರ್ಟ್ (ಲೋಹ ಕೊಯ್ಯುವ ಸಣ್ಣ ಅಲಗು) ಒಂದೊಂದಕ್ಕೆ ನೂರಾರು ರೂಪಾಯಿ. ಹೊಸದಾಗಿ ಕಲಿಯುವ ಹುಡುಗ ದಿನಕ್ಕೆ ಎರಡು ಮುರಿಯುತ್ತಾನೆ, ಮುರಿಯಲೇಬೇಕು. ಕೂಲಂಟ್ (ಕೊಯ್ಯುವಾಗ ಸುರಿಯುವ ತಂಪು ದ್ರವ) ಮೂರು ವಾರ ನಿಂತರೆ ಕೊಳೆತ ಮೊಟ್ಟೆ ವಾಸನೆ. ಕಚ್ಚಾ ಸಾಮಗ್ರಿಗೆ ಸಿಗುವ ಅನುದಾನ ಹಳೇ ಕಾಲದ ಲೆಕ್ಕ. ಎಂಎಸ್ (ಮೆದು ಉಕ್ಕಿನ) ರಾಡ್ ತಂದು ಹ್ಯಾಕ್ಸಾದಲ್ಲಿ ಕೊಯ್ದು ಅರ ಹಾಕಿಸಲು ಸಾಕಾಗುತ್ತಿತ್ತು, ಅಷ್ಟಕ್ಕೇ. ಹೋದ ವರ್ಷ ದೀಪಾವಳಿ ಆದ ಮೇಲೆ ಇನ್ಸರ್ಟ್ ಖಾಲಿ. ಮಾರ್ಚ್‌ವರೆಗೆ ನಾನು ಸಿಮ್ಯುಲೇಟರ್‌ನಲ್ಲೇ ಪಾಠ ಮಾಡಿದೆ. ಮಕ್ಕಳು ಅದನ್ನು ಪಬ್ಜಿ ಅಂತ ಕರೆಯುತ್ತಿದ್ದರು.

ಎರಡನೇದು ಭಯ. ಯಂತ್ರ ಸ್ಟಾಕ್ ಬುಕ್‌ನಲ್ಲಿ ಲಕ್ಷಗಟ್ಟಲೆ ಬೆಲೆಗೆ ಏರಿದೆ. ಟರೆಟ್ (ಟೂಲ್ ಹಿಡಿಯುವ ತಲೆ) ಹೋಗಿ ಚಕ್‌ಗೆ (ಪೀಸ್ ಹಿಡಿಯುವ ಭಾಗಕ್ಕೆ) ಗುದ್ದಿದರೆ ರಿಪೇರಿ ಯಾರ ತಲೆಗೆ? ನಾನು ಅತಿಥಿ, ನನ್ನ ಸಹಿ ನಡೆಯುವುದಿಲ್ಲ. ಕಾಯಂ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಒಬ್ಬರೇ, ಅವರಿಗೆ ಎರಡು ಟ್ರೇಡ್, ಅದರ ಮೇಲೆ ಸ್ಕಾಲರ್‌ಶಿಪ್ ಕೆಲಸ, ಚುನಾವಣೆ ಕೆಲಸ. ಅವರು ಬೀಗದ ಕೈ ಜೇಬಿನಲ್ಲೇ ಇಟ್ಟುಕೊಂಡರೆ ನಾನು ತಪ್ಪು ಅನ್ನಲಾರೆ.

ನನ್ನ ಗೌರವಧನ ಎಷ್ಟು ತಿಂಗಳಿಗೆ ಒಮ್ಮೆ ಬರುತ್ತದೆ ಅನ್ನುವುದು ಇಲ್ಲಿ ಬೇಡ. ಹೆಂಡತಿ ಈ ವೇದಿಕೆ ಓದುತ್ತಾಳೆ.

ನಿವೃತ್ತ_ಗುಮಾಸ್ತ

ಅತಿಥಿ ಬೋಧಕರು ಹೇಳಿದ್ದು ಅಕ್ಷರಶಃ ಸರಿ. ಮೂವತ್ತು ವರ್ಷ ತಾಂತ್ರಿಕ ಸಂಸ್ಥೆಗಳ ಲೆಕ್ಕ ಬರೆದವನು ನಾನು. ಬಂಡವಾಳದ ಹಣ ಒಂದು ತಲೆಬರಹದಲ್ಲಿ ಬರುತ್ತದೆ, ದಿನದ ಖರ್ಚಿನ ಹಣ ಇನ್ನೊಂದರಲ್ಲಿ. ಮೊದಲನೆಯದಕ್ಕೆ ರಿಬ್ಬನ್ ಕತ್ತರಿಸಬಹುದು. ಎರಡನೆಯದಕ್ಕೆ ಏನು ಕತ್ತರಿಸುತ್ತೀರಿ? ಅದಕ್ಕೇ ಅದು ಸೊರಗುತ್ತದೆ.

ಇದು ಹೊಸ ಕಥೆಯೂ ಅಲ್ಲ. 2007-08ರಲ್ಲಿ ಕೇಂದ್ರ ಸರ್ಕಾರ ದೇಶದ 1,396 ಸರ್ಕಾರಿ ಐಟಿಐಗಳಿಗೆ ಒಂದು ಪಿಪಿಪಿ (ಸರ್ಕಾರ-ಖಾಸಗಿ ಸಹಭಾಗಿತ್ವದ) ಯೋಜನೆ ತಂದಿತ್ತು. ಪ್ರತಿ ಐಟಿಐಗೆ ಒಂದು ಆಡಳಿತ ಸಮಿತಿ, ಐಎಂಸಿ. ಅದಕ್ಕೆ ಒಬ್ಬ ಉದ್ಯಮಿ ಅಧ್ಯಕ್ಷ. ಸಮಿತಿಗೆ 2.5 ಕೋಟಿ ರೂಪಾಯಿ ಬಡ್ಡಿ ಇಲ್ಲದ ಸಾಲ. ಮೊದಲ ಹತ್ತು ವರ್ಷ ಕಂತು ಇಲ್ಲ, ಆಮೇಲೆ ಇಪ್ಪತ್ತು ವರ್ಷದಲ್ಲಿ ತೀರಿಸಬೇಕು. ಶೇ 20ರಷ್ಟು ಸೀಟು ತುಂಬುವ ಅಧಿಕಾರವನ್ನೂ ಸಮಿತಿಗೆ ಕೊಟ್ಟರು. ಕಾಗದದಲ್ಲಿ ಚೆನ್ನಾಗಿತ್ತು. ಆದರೆ 'ಸಾಲ' ಅನ್ನುವ ಪದ ನೋಡಿದ ಮೇಲೆ ಸರ್ಕಾರಿ ಮನುಷ್ಯನಿಗೆ ನಿದ್ದೆ ಬರುತ್ತದೆಯೇ? ನಾನು ಕಂಡ ಒಂದು ಕಡೆ ದೊಡ್ಡ ಮೊತ್ತವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರು, ಬಡ್ಡಿಯಲ್ಲಿ ಕಾಂಪೌಂಡಿಗೆ ಬಣ್ಣ ಹೊಡೆಸಿದರು. ಯಾರೂ ತಿನ್ನಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ತಿನ್ನದೇ ಇದ್ದದ್ದಷ್ಟೇ ಅವರ ಸಾಧನೆ.

ಡಿಪ್ಲೊಮಾ_ಮೇಡಂ

ನಾನು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತೆ, ಕ್ಷಮಿಸಿ. ಮಗಳಿಗೆ ಮೂರು ವರ್ಷದ ಡಿಪ್ಲೊಮಾ ಮಾಡಿಸಿ. ಪ್ರವೇಶ ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ. ಶೇ 78ಕ್ಕೆ ಒಳ್ಳೆಯ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲೇ ಮೆಕ್ಯಾನಿಕಲ್ ಸಿಗಬೇಕು, ಯಾಕಂದ್ರೆ ಎಲ್ಲರೂ ಕಂಪ್ಯೂಟರ್ ಸೈನ್ಸ್‌ಗೆ ಮುಗಿಬೀಳುತ್ತಾರೆ. ಮುಗಿದ ಮೇಲೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಬಾಗಿಲು ಮುಚ್ಚುವುದಿಲ್ಲ.

ಪಠ್ಯವೂ ಬದಲಾಗಿದೆ. 2020ರಲ್ಲಿ ಬಂದ ಸಿ-20 ಪಠ್ಯಕ್ರಮದಲ್ಲಿ ಕೊನೆಯ ವರ್ಷ ಒಂದು ವಿಶೇಷ ವಿಷಯ ಆರಿಸಿಕೊಂಡು ಅದನ್ನೇ ಆಳವಾಗಿ ಕಲಿಯುವ ವ್ಯವಸ್ಥೆ ಬಂತು, ಆಮೇಲೆ ಇಂಟರ್ನ್‌ಶಿಪ್. ಹಳೇ ಡಿಪ್ಲೊಮಾ ನೆನಪಿಟ್ಟುಕೊಂಡು ಬೈಯುವವರು ಒಮ್ಮೆ ಬಂದು ನೋಡಿ.

ಪೀಣ್ಯ_ಟರ್ನರ್

ಮೇಡಂ, ನಿಮ್ಮಲ್ಲಿ ಕಟಿಂಗ್ ಟೈಮ್ ಎಷ್ಟು?

ಡಿಪ್ಲೊಮಾ_ಮೇಡಂ

ಸೋಮವಾರ ನೋಡಿ ಹೇಳ್ತೀನಿ. (ಭಯ ಆಗ್ತಿದೆ.)

ಅರ_ಹಾಕಿದವನು

ಯಂತ್ರದ ಗಲಾಟೆಯಲ್ಲಿ ಪಠ್ಯದ ಮಾತು ಮರೆಯಬೇಡಿ. ಐಟಿಐ ಸಿಲೆಬಸ್ ಬರೆಯುವುದು ಬೆಂಗಳೂರಲ್ಲ, ದೆಹಲಿಯ ಡಿಜಿಟಿ (ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ). 1950ರಿಂದಲೂ ಅದು ಕೇಂದ್ರದ ಕೈಯಲ್ಲೇ. ರಾಜ್ಯದ ಪಾಲಿಗೆ ಕಟ್ಟಡ, ಸಿಬ್ಬಂದಿ, ಅಡ್ಮಿಷನ್. ಹೀಗಾಗಿ ಏನಾದರೂ ಕೆಟ್ಟರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಬಹುದು.

2022ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು, ಪೇಪರ್‌ನಲ್ಲಿ ಯಾರೂ ಬರೆಯಲಿಲ್ಲ. ವರ್ಷಕ್ಕೆ 1,600 ಗಂಟೆ ಇದ್ದ ತರಬೇತಿ 1,200ಕ್ಕೆ ಇಳಿಯಿತು. ಪ್ರಾಕ್ಟಿಕಲ್ 1,000 ಗಂಟೆ ಇದ್ದದ್ದು 840 ಆಯಿತು. ಮೊದಲ ವರ್ಷ ಥಿಯರಿ 240, ಎಂಪ್ಲಾಯಬಿಲಿಟಿ ಸ್ಕಿಲ್ಸ್ 120. ವರ್ಕ್‌ಶಾಪ್ ಲೆಕ್ಕ, ಡ್ರಾಯಿಂಗ್ ಅಂತ ಬೇರೆ ಬೇರೆ ಇದ್ದ ವಿಷಯ ಥಿಯರಿಯಲ್ಲಿ ಕರಗಿಹೋದವು. ಬದಲಿಗೆ ವರ್ಷಕ್ಕೆ 150 ಗಂಟೆ ಕಾರ್ಖಾನೆಯಲ್ಲಿ ತರಬೇತಿ 'ಅಥವಾ' ಗ್ರೂಪ್ ಪ್ರಾಜೆಕ್ಟ್ ಅಂದರು. ಆ 'ಅಥವಾ' ಅನ್ನುವ ಮೂರಕ್ಷರ ಇದೆಯಲ್ಲ, ಅದರಲ್ಲೇ ಎಲ್ಲಾ ಸೋರಿಹೋಯಿತು. ತಾಲೂಕು ಊರಲ್ಲಿ ಕಾರ್ಖಾನೆ ಎಲ್ಲಿದೆ? ಎಲ್ಲರೂ ಗ್ರೂಪ್ ಪ್ರಾಜೆಕ್ಟ್. ನಮ್ಮ ಊರಿನ ಹುಡುಗರು ಮೂರು ವರ್ಷದಿಂದ ಒಂದೇ ಕಬ್ಬಿಣದ ನೋಟಿಸ್ ಬೋರ್ಡ್‌ಗೆ ಹೊಸ ಬಣ್ಣ ಬಳಿದು ಪ್ರಾಜೆಕ್ಟ್ ಅಂತ ಕೊಡುತ್ತಿದ್ದಾರೆ.

ನಾನು ಫಿಟ್ಟರ್, 1994ರ ಬ್ಯಾಚ್. ಮೊದಲ ಎರಡು ತಿಂಗಳು ಬರೀ ಅರ. ಒಂದು ಎಂಎಸ್ ಚೌಕವನ್ನು ನಾಲ್ಕೂ ಬದಿ ಸಮ ಮಾಡಿ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯಬೇಕು. ಸಂದಿಯಲ್ಲಿ ಬೆಳಕು ಕಂಡರೆ ಮೇಷ್ಟ್ರು ಏನೂ ಮಾತಾಡದೆ ವಾಪಸ್ ಬೆಂಚಿಗೆ ಬಿಸಾಡುತ್ತಿದ್ದರು. ಅಂಗೈ ಗುಳ್ಳೆ ಒಡೆದು ಮತ್ತೆ ಗುಳ್ಳೆ. ಬೈದುಕೊಂಡೇ ಕಲಿತೆ. ಈಗ ಯಾವ ಯಂತ್ರದ ಮುಂದೆ ನಿಂತರೂ ಲೋಹ ಎಲ್ಲಿ ಒತ್ತುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಆ 160 ಗಂಟೆ ಕಡಿದವರಿಗೆ ಇದು ಗೊತ್ತಿತ್ತೋ ಇಲ್ಲವೋ.

ಕೋಪಾ_ಕಾವ್ಯ

160 ಗಂಟೆ ಉಳಿದರೂ ಏನು ಮಾಡುತ್ತಿದ್ದರು ಅಣ್ಣಾ, ಇನ್ಸರ್ಟೇ ಇಲ್ಲವಲ್ಲ 😀

ಹಳೇ_ಟೂಲ್‌ರೂಮ್

ಸರಿ, ನನ್ನ ಸರದಿ. ನಾನು ಜಿಟಿಟಿಸಿ ಹುಡುಗ (ಈಗ ಹುಡುಗ ಅನ್ನುವಂತಿಲ್ಲ). ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಂತ ಪೂರ್ತಿ ಹೆಸರು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾದದ್ದು. ಈಗ ರಾಜ್ಯದ ಉದ್ದಗಲಕ್ಕೂ ಕೇಂದ್ರಗಳಿವೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಅಂದರೆ ಮೂರು ವರ್ಷ ಒಳಗೆ, ಒಂದು ವರ್ಷ ಕಾರ್ಖಾನೆಯಲ್ಲಿ. ಆ ಕೊನೆಯ ವರ್ಷಕ್ಕೆ 'ಅಥವಾ' ಇಲ್ಲ.

ಪೀಣ್ಯದವರ ಪ್ರಶ್ನೆಗೆ ನನ್ನ ಉತ್ತರ ಸರಳ. ಜಿಟಿಟಿಸಿ ಯಂತ್ರಗಳು ಓಡುತ್ತವೆ, ಯಾಕಂದ್ರೆ ಅವು ದುಡಿಯಬೇಕು. ಅದು ಬರೀ ಶಾಲೆ ಅಲ್ಲ, ಉತ್ಪಾದನೆ ಮಾಡುವ ಟೂಲ್‌ರೂಮ್ ಕೂಡ. ಹೊರಗಿನಿಂದ ಆರ್ಡರ್ ತರುತ್ತಾರೆ, ಇಸ್ರೋಗೂ ಬಿಡಿಭಾಗ ಮಾಡಿಕೊಟ್ಟಿದ್ದಾರೆ. ಆ ಆದಾಯದಲ್ಲಿ ಇನ್ಸರ್ಟ್ ಬರುತ್ತದೆ, ಕೂಲಂಟ್ ಬರುತ್ತದೆ. ಸಂಸ್ಥೆ ಸ್ವಾಯತ್ತ, ಒಂದು ಡ್ರಿಲ್ ಬಿಟ್‌ಗೆ ಮೂರು ಫೈಲು ಓಡಾಡುವುದಿಲ್ಲ. ನಾವು ಎರಡನೇ ವರ್ಷದಲ್ಲಿ ಮಾಡಿದ ಡೈ (ಲೋಹದ ಅಚ್ಚು) ನಿಜವಾಗಲೂ ಒಬ್ಬ ಗಿರಾಕಿಗೆ ಹೋಯಿತು. ಸೀನಿಯರ್ ಟೂಲ್ ಮೇಕರ್ ಪಕ್ಕದಲ್ಲಿ ನಿಂತಿದ್ದರು. ಅದು ಕೆಟ್ಟಿದ್ದರೆ ಸಂಸ್ಥೆಗೆ ನಷ್ಟ. ಆ ಹೆದರಿಕೆಯಲ್ಲಿ ಕಲಿತದ್ದು ಇನ್ನೂ ಮರೆತಿಲ್ಲ.

ಡಿಪ್ಲೊಮಾ_ಮೇಡಂ

ಒಪ್ಪುತ್ತೇನೆ, ಆದರೆ ಇದರಲ್ಲೊಂದು ಅಪಾಯ ಇದೆ. ಆರ್ಡರ್ ತುರ್ತು ಇದ್ದಾಗ ವಿದ್ಯಾರ್ಥಿ ವಿದ್ಯಾರ್ಥಿಯಾಗಿ ಉಳಿಯುತ್ತಾನಾ? ಒಂದೇ ಪೀಸ್ ಮುನ್ನೂರು ಸಲ ಲೋಡ್ ಮಾಡಿ ಬಟನ್ ಒತ್ತಿಸಿದರೆ ಅದು ತರಬೇತಿಯಲ್ಲ, ಸಂಬಳ ಇಲ್ಲದ ಕೂಲಿ.

ಹಳೇ_ಟೂಲ್‌ರೂಮ್

ನೀವು ಹೇಳುವುದರಲ್ಲಿ ಸುಳ್ಳಿಲ್ಲ. ಡೀಬರಿಂಗ್ (ಪೀಸ್ ಅಂಚಿನ ಮುಳ್ಳು ತೆಗೆಯುವುದು) ಮಾಡಿ ಮಾಡಿ ಬೆರಳು ಸವೆಸಿಕೊಂಡ ವಾರಗಳೂ ಇದ್ದವು. ಆದರೂ ಪ್ಲಾಸ್ಟಿಕ್ ಹೊದಿಕೆಗಿಂತ ನನಗೆ ಅದೇ ಇಷ್ಟ.

ಸ್ಟುಟ್‌ಗಾರ್ಟ್_ಶೆಟ್ಟಿ

ಈ ಕಡೆಯಿಂದ ಎರಡು ಮಾತು. ಜರ್ಮನಿಯಲ್ಲಿ ಅಡ್ಮಿಷನ್ ಶಾಲೆ ಕೊಡುವುದೇ ಇಲ್ಲ. ಹುಡುಗ ಮೊದಲು ಕಂಪನಿಯಲ್ಲಿ ಅಪ್ರೆಂಟಿಸ್ ಕರಾರು ಮಾಡಿಕೊಳ್ಳಬೇಕು. ಆಮೇಲೆ ವಾರಕ್ಕೆ ಒಂದೆರಡು ದಿನ ಸರ್ಕಾರಿ ವೃತ್ತಿ ಶಾಲೆ, ಉಳಿದ ದಿನ ಕಂಪನಿ. ಶಾಲೆಯ ಖರ್ಚು ಸರ್ಕಾರದ್ದು, ಹುಡುಗನ ಭತ್ಯೆ ಕಂಪನಿಯದು. ಪರೀಕ್ಷೆ ಮಾಡುವುದು ಮೂರನೆಯವರು, ವಾಣಿಜ್ಯ ಮಂಡಳಿ. ನಮ್ಮಲ್ಲಿ ಇದನ್ನು ನೋಡಿ ಡಿಜಿಟಿ 2016ರಲ್ಲಿ ಡ್ಯುಯಲ್ ಸಿಸ್ಟಂ ಆಫ್ ಟ್ರೇನಿಂಗ್ ತಂದಿತು. ಥಿಯರಿ ಐಟಿಐಯಲ್ಲಿ, ಪ್ರಾಕ್ಟಿಕಲ್ ಕಾರ್ಖಾನೆಯಲ್ಲಿ. ಪೀಣ್ಯ, ಬಿಡದಿ, ನರಸಾಪುರದ ಸುತ್ತ ಇದು ನಡೆಯಬಹುದು. ನಮ್ಮ ಊರು ಕುಂದಾಪುರ. ಅಲ್ಲಿ ಗೋಡಂಬಿ ಕಾರ್ಖಾನೆ, ಹಂಚಿನ ಕಾರ್ಖಾನೆ ಇದ್ದವು. ಟರ್ನರ್ ಹುಡುಗ ಏನು ಮಾಡಬೇಕು?

ಕಲಬುರಗಿ_ಕಲ್ಲು

ನಮ್ಮ ಕಡೆ ಮಾತೂ ಸ್ವಲ್ಪ ಕೇಳ್ರಿ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ಉಳಿದ ರಾಜ್ಯದಲ್ಲಿ ಶೇ 8. ಒಳ್ಳೇದಾಯ್ತು, ಇಲ್ಲ ಅನ್ನಲ್ಲ. ಆದರೆ ಸೀಟು ಸಿಕ್ಕರೆ ಆಯ್ತೇನು? ಅಪ್ರೆಂಟಿಸ್‌ಗೆ ಹೋಗಬೇಕಂದ್ರ ಮತ್ತೆ ಬೆಂಗಳೂರಿಗೇ ಬರಬೇಕು. ಕಾಯ್ದೆಯಲ್ಲಿ ತಿಂಗಳ ಸ್ಟೈಪೆಂಡ್ 5,000ದಿಂದ 9,000 ರೂಪಾಯಿ ಅಂತ 2019ರಲ್ಲಿ ಮಾಡಿದ್ರು. ನನ್ನ ತಮ್ಮ ಹೋಗಿದ್ದ. ಪಿಜಿಗೇ 6,500. ಐದು ತಿಂಗಳಿಗೆ ಬ್ಯಾಗ್ ತಗೊಂಡು ವಾಪಸ್ ಬಂದ. ಈಗ ಊರಾಗ ಮೊಬೈಲ್ ಅಂಗಡಿ.

ಕೋಪಾ_ಕಾವ್ಯ

ಅಡ್ಮಿಷನ್ ಬಗ್ಗೆ ನನ್ನದೊಂದು ಸಿಟ್ಟು ಇದೆ. ಮೇ ತಿಂಗಳಲ್ಲಿ ರಿಸಲ್ಟ್ ಬರುತ್ತದೆ. ಮೊದಲು ಪಿಯುಸಿ ತುಂಬುತ್ತದೆ, ಆಮೇಲೆ ಡಿಪ್ಲೊಮಾ, ಉಳಿದವರಿಗೆ ಐಟಿಐ. ಕಾಲಪಟ್ಟಿಯೇ ನಮಗೆ 'ಉಳಿದವರು' ಅಂತ ಹೆಸರಿಟ್ಟುಬಿಟ್ಟಿದೆ. 2024ರಲ್ಲಿ ಎಸ್‌ಎಸ್‌ಎಲ್‌ಸಿಗೆ ಮೂರು ಪರೀಕ್ಷೆ ಬಂದವು, ಒಳ್ಳೆಯದೇ. ಆದರೆ ಮೂರನೇ ಪರೀಕ್ಷೆಯಲ್ಲಿ ಪಾಸಾದವರು ಬಂದು ಸೇರುವಷ್ಟರಲ್ಲಿ ಕ್ಲಾಸು ಅರ್ಧ ದಾರಿ ಹೋಗಿರುತ್ತಿತ್ತು.

ಇಷ್ಟಕ್ಕೂ ಲೇತ್ ಕಲಿಯುವವರನ್ನು ಸಮಾಜ ವಿಜ್ಞಾನದ ಅಂಕ ಸೇರಿಸಿ ಯಾಕೆ ಆರಿಸುತ್ತಾರೆ? ಕೈಗೆ ಒಂದು ಪರೀಕ್ಷೆ ಬೇಡವಾ? ಬಿಡದಿಯ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಹಳ್ಳಿ ಮಕ್ಕಳಿಗೆ ಪ್ರವೇಶ ಪರೀಕ್ಷೆ ಮಾಡಿ ತಗೊಳ್ಳುತ್ತಿದೆ. ಮೂರು ವರ್ಷ, ಅಲ್ಲೇ ಊಟ ವಸತಿ. ನಮ್ಮ ಪಕ್ಕದ ಮನೆ ಹುಡುಗ ಅಲ್ಲಿಗೆ ಆಯ್ಕೆ ಆದಾಗ ಊರಲ್ಲಿ ಸಿಹಿ ಹಂಚಿದರು. ನನಗೆ ಐಟಿಐಯಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್ ಟ್ರೇಡ್) ಸೀಟು ಸಿಕ್ಕಾಗ ಅಮ್ಮ ಯಾರಿಗೂ ಹೇಳಲಿಲ್ಲ.

ಗಣಿತ_ಮೇಷ್ಟ್ರು

ಕೈ ಪರೀಕ್ಷೆ ಇಟ್ಟರೆ ಶಿಫಾರಸು ಶುರುವಾಗುತ್ತದಮ್ಮ. ಅಂಕ ಇದ್ದರೆ ಬಡವರ ಮಗುವಿಗೆ ಒಂದು ಆಧಾರ. 'ಸಂದರ್ಶನ' ಅಂದ ಕೂಡಲೇ ಎಂಎಲ್ಎ ಪತ್ರ ಹಿಡಿದುಕೊಂಡು ಬರುತ್ತಾರೆ.

ಕೋಪಾ_ಕಾವ್ಯ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ನಿಜ.

ಜೆಟಿಎಸ್_ಹುಡುಗ

ಕಿರಿಯ ತಾಂತ್ರಿಕ ಶಾಲೆ ಅಂತ ಒಂದು ಇದೆ ಅಂತಾದರೂ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನು ಅಲ್ಲಿ ಓದಿದವನು. ಎಂಟರಿಂದ ಹತ್ತು. ಕನ್ನಡ, ಗಣಿತ, ವಿಜ್ಞಾನದ ಜೊತೆ ಎಂಜಿನಿಯರಿಂಗ್ ಡ್ರಾಯಿಂಗ್, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಮೂಲ ಪಾಠ, ವರ್ಕ್‌ಶಾಪ್. ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲೂ ಆ ವಿಷಯಗಳ ಪೇಪರ್ ಇರುತ್ತದೆ. ಹದಿಮೂರನೇ ವಯಸ್ಸಿಗೆ ಟಿ ಸ್ಕ್ವೇರ್ ಹಿಡಿದು ಮೂರು ಕಡೆಯಿಂದ ನೋಟ ಬರೆಯಲು ಕಲಿತೆ. ಪೀಣ್ಯದವರ ಮಗಳು ಎಂಟನೇ ಕ್ಲಾಸಿನಲ್ಲೇ ಅಲ್ಲಿ ಇರಬೇಕಿತ್ತು. ಕೇಂದ್ರ ಸರ್ಕಾರ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಅಂತ 20 ಲಕ್ಷ ಕೊಡುತ್ತದೆ, ತ್ರೀಡಿ ಪ್ರಿಂಟರ್ ತರುತ್ತಾರೆ, ಸಂತೋಷ. ಆದರೆ ಮೊದಲೇ ಇದ್ದ ಈ ಶಾಲೆಗಳ ಹೆಸರು ಯಾರ ಬಾಯಲ್ಲೂ ಇಲ್ಲ.

ಒಂದು ತಮಾಷೆ ಹೇಳಿಬಿಡ್ತೀನಿ. ನಮಗೆ ಕನ್ನಡದಲ್ಲಿ ನೋಟ್ಸ್ ಬರೆಸುತ್ತಿದ್ದ ಒಬ್ಬ ಮೇಷ್ಟ್ರು ಟಾಲರೆನ್ಸ್‌ಗೆ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿಗೆ) 'ಸಹಿಷ್ಣುತೆ' ಅಂತ ಬರೆಸಿದ್ದರು. "ಈ ಶಾಫ್ಟ್‌ನ ಸಹಿಷ್ಣುತೆ ಎಷ್ಟು?" ಅಂತ ಪ್ರಶ್ನೆ. ಹಿಂದಿನ ಬೆಂಚಿನವನು "ಬಹಳ ಇದೆ ಸಾರ್, ಎಷ್ಟು ಬೈದರೂ ಸುಮ್ನಿರುತ್ತೆ" ಅಂದ.

ಅತಿಥಿ_ಬೋಧಕ

😀 ಅದಕ್ಕೇ ನಾನು ತರಗತಿಯಲ್ಲಿ ಟಾಲರೆನ್ಸ್, ಕ್ಲಿಯರೆನ್ಸ್, ಫೀಡ್ ಅಂತಲೇ ಹೇಳುತ್ತೇನೆ, ವಿವರಣೆ ಮಾತ್ರ ಕನ್ನಡದಲ್ಲಿ. ಚೆನ್ನೈನ ನಿಮಿ ಸಂಸ್ಥೆ ಟ್ರೇಡ್ ಪುಸ್ತಕಗಳನ್ನು ಕನ್ನಡಕ್ಕೂ ತಂದಿದೆ. ಆದರೆ ಕಂಟ್ರೋಲರ್‌ನ ಅಲಾರಂ ಮಾತ್ರ ಇಂಗ್ಲಿಷ್‌ನಲ್ಲೇ ಬರುತ್ತದಲ್ಲ.

ನಿವೃತ್ತ_ಗುಮಾಸ್ತ

ಈಗ ಮತ್ತೊಂದು ದೊಡ್ಡ ಹಣ ಬರುತ್ತಿದೆ, ಅದನ್ನೂ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಐಟಿಐಗಳಿಗೆ 60,000 ಕೋಟಿ ರೂಪಾಯಿ ಒಪ್ಪಿತು. ಕೇಂದ್ರ 30,000, ರಾಜ್ಯಗಳು 20,000, ಉದ್ಯಮ 10,000. ಐದು ವರ್ಷ. ದೇಶದಲ್ಲಿ 1,000 ಸರ್ಕಾರಿ ಐಟಿಐ: 200 ಹಬ್ (ಕೇಂದ್ರ ಐಟಿಐ), ಅವುಗಳ ಸುತ್ತ 800 ಸ್ಪೋಕ್ (ಅವಕ್ಕೆ ಜೋಡಿಸಿದ ಐಟಿಐ). ಪಿಎಂ-ಸೇತು ಅಂತ ಹೆಸರು, ಅಕ್ಟೋಬರ್‌ನಲ್ಲಿ ಉದ್ಘಾಟನೆಯೂ ಆಯಿತು. ನಾನು ಕೇಳುವುದು ಒಂದೇ. ಹೊಸ ಯಂತ್ರ ತರುವ ಮೊದಲು, ಇರುವ ಯಂತ್ರದ ಹಿಂಡಿಗೆ ಪ್ರತ್ಯೇಕ ಗಂಟು ಕಟ್ಟಿಡಿ. ಅದನ್ನು ಪ್ರಿನ್ಸಿಪಾಲರು ಸ್ವಂತ ಸಹಿಯಲ್ಲಿ ಖರ್ಚು ಮಾಡುವಂತಿರಲಿ. ಲೆಕ್ಕ ಕೊಡದಿದ್ದರೆ ಹಿಡಿಯಿರಿ. ಒಂದು ಬಾಕ್ಸ್ ಇನ್ಸರ್ಟ್‌ಗೆ ಜಿಲ್ಲೆ ದಾಟಿ ಫೈಲು ಹೋಗುವುದು ನಿಲ್ಲಲಿ.

ಪವರ್‌ಮ್ಯಾನ್_ಆಗದವನು

ಎಲ್ಲಾ ಸರಿ. ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷ ಓದಿದೆ. ಕೆಪಿಟಿಸಿಎಲ್ ಕಿರಿಯ ಪವರ್‌ಮ್ಯಾನ್ ಕರೆದಾಗ ಕೇಳಿದ್ದು ಎಸ್‌ಎಸ್‌ಎಲ್‌ಸಿ ಅಂಕ ಮತ್ತು ಕಂಬ ಹತ್ತುವುದು. ನನ್ನ ಎನ್‌ಟಿಸಿ (ಐಟಿಐ ಪಾಸಾದವರಿಗೆ ಕೊಡುವ) ಸರ್ಟಿಫಿಕೇಟ್ ಹಾಗೇ ಲ್ಯಾಮಿನೇಷನ್‌ನಲ್ಲಿದೆ. ಸರ್ಕಾರವೇ ತನ್ನ ಶಾಲೆಯ ಮಾಲು ಕೊಳ್ಳದಿದ್ದರೆ ಹೊರಗಿನವರು ಯಾಕೆ ಕೊಳ್ಳುತ್ತಾರೆ?

ಗಣಿತ_ಮೇಷ್ಟ್ರು

ಕಂಬ ಹತ್ತಿದಿರಾ?

ಪವರ್‌ಮ್ಯಾನ್_ಆಗದವನು

ಹತ್ತಿದೆ ಸಾರ್. ಅಂಕ ಹತ್ತಲಿಲ್ಲ.

ಡಿಪ್ಲೊಮಾ_ಮೇಡಂ

ಸೋಮವಾರ ಬಂತು, ನೋಡಿದೆ. ನಮ್ಮ ವಿಭಾಗದ ಸಿಎನ್‌ಸಿ ಟ್ರೇನರ್ ಲೇತ್ ಬಂದು ಏಳು ವರ್ಷ. ಕಟಿಂಗ್ 118 ಗಂಟೆ. ಅದರಲ್ಲೂ ಜಾಸ್ತಿ ಮೇಣ ಮತ್ತು ಅಲ್ಯೂಮಿನಿಯಂ. ನಾಚಿಕೆಯಾಯಿತು, ಆದರೂ ಬರೆಯುತ್ತಿದ್ದೇನೆ. ಮೇಲಿನ ನನ್ನ ಪಕ್ಷಪಾತದ ಪೋಸ್ಟ್ ಅಳಿಸುವುದಿಲ್ಲ. ಮುಂದೆ ಓದುವ ದಾರಿ ಬೇಕಂದ್ರೆ ಡಿಪ್ಲೊಮಾ ಒಳ್ಳೆಯದು ಅನ್ನುವ ಮಾತು ಈಗಲೂ ನಿಜ. ಎರಡು ವರ್ಷದ ಐಟಿಐ ಮಾಡಿದರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರವಾಗಿ ಬರಬಹುದು, ಅದೂ ಗೊತ್ತಿರಲಿ.

ಅತಿಥಿ_ಬೋಧಕ

ನಮ್ಮದು 64.

ಹಳೇ_ಟೂಲ್‌ರೂಮ್

ಹಳೇ ಗೆಳೆಯನೊಬ್ಬ ಒಂದು ಕೇಂದ್ರದಲ್ಲಿದ್ದಾನೆ, ಫೋನ್ ಮಾಡಿ ಕೇಳಿದೆ. ಅವರ ಒಂದು ವಿಎಂಸಿ, ಐದು ವರ್ಷದ್ದು: 9,400 ಗಂಟೆ. ಸ್ಪಿಂಡಲ್ ಬೇರಿಂಗ್ ಒಮ್ಮೆ ಬದಲಾಯಿಸಿದ್ದಾರಂತೆ.

ಕಲಬುರಗಿ_ಕಲ್ಲು

ನಮ್ಮ ತಾಲೂಕಿನ ಐಟಿಐಗೆ ನಿನ್ನೆ ಹೋಗಿದ್ದೆ. ಕರೆಂಟ್ ಇರಲಿಲ್ಲ, ಸ್ಕ್ರೀನ್ ಬರಲಿಲ್ಲ. ನಾಳೆ ಮತ್ತೆ ಹೋಗ್ತೀನಿ.

ಪೀಣ್ಯ_ಟರ್ನರ್

ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಇಡೀ ಚರ್ಚೆ ಓದಿಸಿದೆ. ಪಬ್ಜಿ ಹತ್ತಿರ ನಕ್ಕಳು, ಕಾವ್ಯ ಅವರ ಅಮ್ಮನ ಮಾತಿನ ಹತ್ತಿರ ಸುಮ್ಮನಾದಳು. ಜಿಟಿಟಿಸಿಗೆ ಅರ್ಜಿ ಹಾಕಿದ್ದೇವೆ. ಸಿಗದಿದ್ದರೆ ಬೆಂಗಳೂರಲ್ಲೇ ಟರ್ನರ್ ಟ್ರೇಡ್. ಐಟಿಐಯಲ್ಲಿ ಹೆಣ್ಣುಮಕ್ಕಳಿಗೆ ಶೇ 30 ಸೀಟು ಇದೆ, ಶಕ್ತಿ ಯೋಜನೆಯಲ್ಲಿ ಬಸ್ ಖರ್ಚಿಲ್ಲ, ಸಂಜೆ ನನ್ನ ಶೆಡ್‌ನಲ್ಲಿ ಇನ್ಸರ್ಟ್ ಮುರಿಯಬಹುದು. ಇದು ಎಲ್ಲರ ಮಕ್ಕಳಿಗೂ ಸಿಗುವ ಅನುಕೂಲ ಅಲ್ಲ ಅಂತ ಗೊತ್ತು.

ಅತಿಥಿ ಬೋಧಕರೇ, ನಿಮ್ಮ ವಿಳಾಸ ಖಾಸಗಿಯಾಗಿ ಕಳಿಸಿ. ನನ್ನ ಹತ್ತಿರ ಒಂದು ಬದಿ ಮಾತ್ರ ಸವೆದ ಇನ್ಸರ್ಟ್‌ಗಳು ಡಬ್ಬಿಗಟ್ಟಲೆ ಬಿದ್ದಿವೆ. ತಿರುಗಿಸಿ ಹಾಕಿದರೆ ಕಲಿಕೆಗೆ ಧಾರಾಳ ಆಗುತ್ತದೆ. ಸ್ಟಾಕ್ ಬುಕ್‌ಗೆ ಹೇಗೆ ಏರಿಸುತ್ತೀರೋ ಅದು ಗುಮಾಸ್ತರನ್ನು ಕೇಳಿ.

ನಿವೃತ್ತ_ಗುಮಾಸ್ತ

ದಾನ ರಿಜಿಸ್ಟರ್ ಅಂತ ಇರುತ್ತದೆ. ಮೌಲ್ಯ ಒಂದು ರೂಪಾಯಿ ಅಂತ ಬರೆಯಿರಿ. ಶೂನ್ಯ ಬರೆದರೆ ಆಡಿಟ್‌ನವರು ಕೇಳುತ್ತಾರೆ.

ಪೀಣ್ಯ_ಟರ್ನರ್

ಇನ್ನೊಂದು ಸಣ್ಣ ಸಹಾಯ. ಸ್ಟೀಲ್ ಟೋ ಇರುವ ಸೇಫ್ಟಿ ಶೂ, ನಾಲ್ಕನೇ ನಂಬರ್, ಎಲ್ಲಿ ಸಿಗುತ್ತದೆ? ಪೀಣ್ಯದ ಅಂಗಡಿಗಳಲ್ಲಿ ಆರಕ್ಕಿಂತ ಕೆಳಗೆ ಯಾರೂ ಇಡುತ್ತಿಲ್ಲ.

ಕೋಪಾ_ಕಾವ್ಯ

ಎಸ್‌ಜೆಪಿ ರೋಡ್‌ನಲ್ಲಿ ವಿಚಾರಿಸಿ. ಮೊದಲೇ ಹೇಳಿದರೆ ತರಿಸಿಕೊಡುತ್ತಾರೆ. ಎರಡು ಜೊತೆ ಹೇಳಿ, ನಮ್ಮ ಬ್ಯಾಚಿನ ವೆಲ್ಡರ್ ಹುಡುಗಿಗೂ ಒಂದು ಬೇಕು.